ಬೋಲ್ಟಿನ ಮೇಲಿನ ಹಳದಿ ಚುಕ್ಕೆ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಗೊತ್ತು. ಆದರೂ ಹೇಳುತ್ತಿದ್ದೇನೆ, ಕ್ಷಮಿಸಬೇಕು. ಹಗಲು ಗ್ಯಾರೇಜಿನಲ್ಲಿ ದುಡಿದು ಸಂಜೆ ಕ್ಲಾಸಿನಲ್ಲಿ ಓದಿದವನು ನಾನು. ಬರೆದದ್ದನ್ನು ಮೂರು ಸಲ ಓದಿ ನೋಡಿದ್ದೇನೆ. ಎಲ್ಲಾದರೂ ನನ್ನ ಕಡೆಗೇ ವಾಲಿರಬಹುದು ಎಂಬ ಅಂಜಿಕೆ ಇನ್ನೂ ಹೋಗಿಲ್ಲ.

ಗದ್ವಾಲಿನ ಯಲ್ಲಯ್ಯ ನನ್ನ ಉಸ್ತಾದ್. ಆರು ವರ್ಷ ಅವರ ಕೈಕೆಳಗೆ ಕೆಲಸ ಕಲಿತೆ. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಕುರಿಯ ಬೆನ್ನಿಗೆ ಬಣ್ಣ ಹಚ್ಚಿ ಗುರುತು ಮಾಡುತ್ತಿದ್ದ ಹಾಗೆ, ನಾನು ಬಿಗಿದ ಪ್ರತಿ ಬೋಲ್ಟಿನ ತಲೆಗೂ ಹಳದಿ ಪೇಂಟಿನ ಒಂದು ಚುಕ್ಕೆ ಇಡುತ್ತಿದ್ದೆ. ಬಿಗಿದೆನೋ ಇಲ್ಲವೋ ಎಂಬ ಅನುಮಾನ ಮನೆಯವರೆಗೂ ಬೆನ್ನು ಹತ್ತುತ್ತಿತ್ತು. ಚುಕ್ಕೆ ಇಟ್ಟದ್ದು ನೆನಪಿದ್ದರೆ ನಿದ್ದೆ ಬರುತ್ತಿತ್ತು.

"ಏನಲೇ ಆಶಪ್ಪಾ, ಬೋಲ್ಟ್ ಏನು ಮಂದಿ ಹಿಂಡಿನಾಗ ಸೇರ್ಕೋತಾವಾ?" ಎಂದು ಉಸ್ತಾದ್ ನಗುತ್ತಿದ್ದರು.

ತೆಲಂಗಾಣ ಆಗುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಅವರೇ ಕೂಡಿಸಿದ ಒಂದು ಜೀಪಿನ ಆಯಿಲ್ ಬೋಲ್ಟ್ ಅಲಂಪುರದ ದಾರಿಯಲ್ಲಿ ಕಳಚಿ ಬಿದ್ದು, ಆಯಿಲ್ ಎಲ್ಲ ಸೋರಿ ಎಂಜಿನ್ ಹಿಡಿದುಹೋಯಿತು. ಜೀಪಿನವನು ಬಂದು ಕೂಗಾಡಿದಾಗ ಉಸ್ತಾದ್ ಹತ್ತು ಮಂದಿಯ ಮುಂದೆ ನನ್ನ ಕಿವಿ ಹಿಡಿದರು.

"ಇಂವ, ನಮ್ಮ ರಾತ್ರಿ ಸಾಲಿ ಇಂಜಿನಿಯರ್ ಮಾಡ್ಯಾನ್ರೀ!"

ಬಿದ್ದ ಬೋಲ್ಟನ್ನು ಜೀಪಿನವನು ದಾರಿಯಲ್ಲಿ ಹುಡುಕಿ ತಂದಿದ್ದ. ಅದರ ಮೇಲೆ ಹಳದಿ ಚುಕ್ಕೆ ಇರಲಿಲ್ಲ. ಅದನ್ನು ಉಸ್ತಾದರ ಮುಖದೆದುರು ಹಿಡಿದೆ. ನೋಡಿದರು. ನೋಡಿಯೂ ಐವತ್ತು ಬಸ್ಕಿ ಹೊಡೆಸಿ, ಅವತ್ತೇ ಹೊರಗೆ ಹಾಕಿದರು.

ಮಕ್ತಲಿನಲ್ಲಿ ನನ್ನದೇ ಗ್ಯಾರೇಜೆಂದು ತಗಡಿನ ಶೆಡ್ ಹಾಕಿಕೊಂಡೆ. ಒಂದೇ ಒಂದು ಆಸೆ ಇತ್ತು: ಗಿರಾಕಿಗಳ ಮುಂದೆ, ಉಸ್ತಾದರ ಬಾಯಿಂದಲೇ, "ತಪ್ಪು ನಂದು" ಎಂಬ ಮಾತು ಕೇಳಬೇಕು.

ರಾಜ್ಯ ಬಂದ ವರ್ಷದ ಚಳಿಗಾಲದಲ್ಲಿ ನಾರಾಯಣಪೇಟೆಯ ಸೀರೆ ವ್ಯಾಪಾರಿ ಸುಗುಣಮ್ಮ ತಮ್ಮ ಮನೆಯ ದೊಡ್ಡ ಗಾಡಿ ತಂದು ನಿಲ್ಲಿಸಿದರು. ನಂಬರ್ ಪ್ಲೇಟಿನಲ್ಲಿ ಎಪಿ ಅಳಿಸಿ ಟಿಎಸ್ ಬರೆಸಿದ್ದರು. ಹಿಂದಿನಿಂದ ಕರಿಹೊಗೆ ಬರುತ್ತಿತ್ತು.

"ಕಾರಲ್ಲಪ್ಪಾ ಇದು, ಸೀಮೆಎಣ್ಣಿ ಸ್ಟೋವ್! ಮೊಮ್ಮಕ್ಕಳು ವಾಂತಿ ಮಾಡ್ಕೋತಾವ. ಹೈದರಾಬಾದಿನ ಸೇಠ್ ಸೀರಿ ಮೂಸಿ ನೋಡಿ, ಇದು ಮಗ್ಗದ್ದೋ ಪೆಟ್ರೋಲ್ ಬಂಕಿಂದೋ ಅಂದ. ಎರಡು ಸೆನ್ಸರ್ ಬದಲಿ ಮಾಡ್ಸೀನಿ, ಅದರ ಹೊಗಿ ಅದಕ್ಕ."

"ಮೊದಲಿಂದ ಯಾರ ಕೈಯಾಗಿತ್ರೀ ಅಕ್ಕಾರ?"

"ಗದ್ವಾಲ್ ಯಲ್ಲಯ್ಯನ ಹತ್ರ. ಹೋದ ವರ್ಷದ ತನಕ. ಡ್ರೈವರ್ ಒಯ್ದು ಮಾಡಿಸ್ತಿದ್ದ."

ಆ ಗ್ಯಾರೇಜಿಗೆ ಬರುತ್ತಿದ್ದ ಗಾಡಿಗಳ ನಡುವೆ ಇದನ್ನು ನೋಡಿದ ನೆನಪು ನನಗಿರಲಿಲ್ಲ. ಪ್ಲಗ್ ಬಿಚ್ಚಿದೆ. ನಾಲ್ಕಕ್ಕೂ ಮಸಿ, ಉರಿದ ಬತ್ತಿಯಂತೆ ಕಪ್ಪು. ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತಿದೆ ಎಂದರ್ಥ. ಏರ್ ಫಿಲ್ಟರ್ ಸ್ವಚ್ಛವಿತ್ತು. ಇಂಜೆಕ್ಟರ್ ಸೋರುತ್ತಿರಲಿಲ್ಲ. ಮೀಟರ್ ಹಚ್ಚಿಕೊಂಡು ಕೃಷ್ಣಾ ಸೇತುವೆಯವರೆಗೆ ಓಡಿಸಿ ಬಂದೆ. ಎಂಬತ್ತು ದಾಟಬೇಕಾದ ಎಂಜಿನ್ ಬಿಸಿ ಐವತ್ತೆಂಟು ಡಿಗ್ರಿಗೇ ನಿಂತಿತ್ತು. ಸೆನ್ಸರ್ ಸುಳ್ಳು ಹೇಳುತ್ತಿರಲಿಲ್ಲ, ಎಂಜಿನ್ನೇ ಬಿಸಿಯಾಗುತ್ತಿರಲಿಲ್ಲ. ಗಾಡಿಯ ಕಂಪ್ಯೂಟರ್ ಮಾತ್ರ, ಚಳಿ ಅಂದವನಿಗೆ ಕಂಬಳಿಯ ಮೇಲೆ ಕಂಬಳಿ ಹೊದಿಸುವ ಹಾಗೆ, ಪೆಟ್ರೋಲ್ ಸುರಿಯುತ್ತಲೇ ಇತ್ತು.

ಕಾರಣ ಹೊಳೆಯಿತು. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದೆ ತಡೆಯುವ ಒಂದು ಸಣ್ಣ ಕವಾಟವಿದೆ, ಥರ್ಮೋಸ್ಟಾಟ್. ನಮ್ಮ ಕಡೆಯ ಹಳೆಯ ಉಸ್ತಾದರು ಅದನ್ನು ಕಿತ್ತೆಸೆಯುತ್ತಾರೆ. "ಈ ಬಿಸಿಲಿಗೆ ಬಾಗಿಲು ಯಾಕ ಬೇಕು, ನೀರು ಹರೀಲಿ" ಎನ್ನುವುದು ಯಲ್ಲಯ್ಯನವರ ಮಾತು. ಅವರ ಗ್ಯಾರೇಜಿನ ಗೋಡೆಯಲ್ಲಿ ಕಿತ್ತ ಥರ್ಮೋಸ್ಟಾಟುಗಳು ತಂತಿಗೆ ಪೋಣಿಸಿ ನೇತಾಡುತ್ತಿದ್ದವು.

"ಅಕ್ಕಾರ, ಅವರನ್ನ ಕರೀರಿ. ಅವರೇ ಬಂದು ಬಿಚ್ಚಿದ್ರ ನಾ ಮುಂದಿನ ಕೆಲಸ ಮಾಡ್ತೀನಿ" ಎಂದೆ.

ಸುಗುಣಮ್ಮ ಫೋನ್ ಮಾಡಿದರು. ಎದುರಿನ ಚಹಾದಂಗಡಿಯವರಿಗೆಲ್ಲ ನಾನೇ ಹೋಗಿ ಹೇಳಿ ಬಂದೆ, ಗದ್ವಾಲಿನ ಉಸ್ತಾದ್ ಬರುತ್ತಿದ್ದಾರೆ, ನೋಡಬನ್ನಿ ಅಂತ.

ಅವರು ದಾರಿಯಲ್ಲಿದ್ದಾಗ ಬ್ಯಾಟರಿಯ ಬೆಳಕು ಬಿಟ್ಟು ಆ ಕವಾಟದ ಮುಚ್ಚಳ ನೋಡಿದೆ. ಮಣ್ಣು ಒರೆಸಿದೆ. ಎರಡು ಬೋಲ್ಟ್, ಎರಡರ ತಲೆಯ ಮೇಲೂ ಹಳದಿ ಚುಕ್ಕೆ.

ಅದನ್ನು ತೆಗೆದವನು ನಾನು. ಉಸ್ತಾದ್ ಹೇಳಿದ್ದಕ್ಕೇ ತೆಗೆದಿರಬೇಕು, ಆದರೆ ಕೈ ನನ್ನದು. ಅವರು ಬಂದು ಚುಕ್ಕೆ ತೋರಿಸಿದರೆ ಮತ್ತೆ ಹತ್ತು ಮಂದಿಯ ಮುಂದೆ ನಾನೇ. ಸ್ಕ್ರೂಡ್ರೈವರಿನ ತುದಿಯಿಂದ ಎರಡನ್ನೂ ಕೆರೆದೆ. ಪೇಂಟು ಹೋಯಿತು. ಒಳಗಿನ ಕಬ್ಬಿಣ ಬೆಳ್ಳಗೆ ಹೊಳೆಯಿತು. ಆಯಿಲ್ ಬಟ್ಟೆಯಿಂದ ಒರೆಸಿ ಮಣ್ಣು ಮೆತ್ತಿದೆ.

ಉಸ್ತಾದ್ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಏನಪಾ, ದೊಡ್ಡ ಡಾಕ್ಟರ್ ಆಗೀಯಂತ."

"ನಿಮ್ಮ ಕೈಗುಣ ರೀ ಉಸ್ತಾದ್. ಬಿಚ್ಚರಿ."

ಪಾನಾ ಹಾಕಿ ತಾವೇ ಬಿಚ್ಚಿದರು. ಮುಚ್ಚಳ ಎತ್ತಿದರೆ ಒಳಗೆ ಖಾಲಿ. ಸುಗುಣಮ್ಮ ಬಗ್ಗಿ ನೋಡಿದರು.

"ಇದರಾಗಿಂದು ಎಲ್ಲಿ ಹೋತು ಯಲ್ಲಯ್ಯಾ?"

ಉಸ್ತಾದ್ ಬೋಲ್ಟ್ ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಅದರ ತಲೆ ತಿಕ್ಕುತ್ತಿದ್ದರು.

"ಯಾರು ತಗದ್ರು ಅಂತ ಕೇಳಾಕತ್ತಾರ, ಹೇಳ್ರಿ" ಎಂದೆ.

"ತಪ್ಪು ನಂದು ರೀ ಅಕ್ಕಾ."

"ಜೋರಾಗಿ ಹೇಳ್ರಿ ಉಸ್ತಾದ್. ಚಹಾದಂಗಡ್ಯಾಗ ಕೇಳಿಸಲ್ಲ."

ಯಾರೋ ನಕ್ಕರು. ಅವರು ತಲೆಯೆತ್ತಿ ಮತ್ತೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಿದರು. "ತಪ್ಪು ನಂದು."

ಎರಡು ವರ್ಷ ಹಸಿದವನಿಗೆ ಊಟ ಸಿಕ್ಕ ಹಾಗಾಯಿತು. ಸುಳ್ಳು ಯಾಕೆ ಹೇಳಲಿ, ರುಚಿಯಾಗಿಯೇ ಇತ್ತು.

ಹೊಸ ಥರ್ಮೋಸ್ಟಾಟ್ ಕೂಡಿಸಿ, ಪ್ಲಗ್ ತಿಕ್ಕಿ, ಗಾಡಿ ಓಡಿಸಿದೆ. ಬಿಸಿ ಎಂಬತ್ತನಾಲ್ಕಕ್ಕೆ ಏರಿ ನಿಂತಿತು. ಹೊಗೆ ಹೋಯಿತು. ಸುಗುಣಮ್ಮ ಹಿಂದೆ ನಿಂತು ಮೂಸಿ ನೋಡಿ, "ಈಗ ಸೀರಿ ಒಯ್ಯಬಹುದು" ಎಂದರು.

ಹೊರಡುವಾಗ ಉಸ್ತಾದ್ ಬಾನೆಟ್ಟಿನೊಳಗೆ ಒಮ್ಮೆ ಇಣುಕಿದರು.

"ಚುಕ್ಕಿ ಇಡಲಿಲ್ಲೇನಲೇ?"

"ಮರೆತೆ ರೀ" ಎಂದೆ. ಆರು ವರ್ಷದಲ್ಲಿ ಒಮ್ಮೆಯೂ ಮರೆತವನಲ್ಲ ನಾನು. ಅದು ಅವರಿಗೂ ಗೊತ್ತು.

ಬೋಲ್ಟಿನ ಮೇಲಿನ ಹೊಸ ಗೀರು ನೋಡಿ, ಕೈ ನನ್ನದೆಂದು ತಿಳಿದೂ ಅವರು ತಪ್ಪು ಒಪ್ಪಿಕೊಂಡರೋ, ಅಥವಾ ಹಳೆಯ ತಮಾಷೆಗೆ ಚುಕ್ಕಿಯ ಮಾತು ತೆಗೆದರೋ, ನನಗೆ ತಿಳಿಯದು. ಗದ್ವಾಲಿಗೆ ಹೋಗಿ ಕೇಳಬಹುದು, ಅವರಿನ್ನೂ ಅಲ್ಲೇ ಇದ್ದಾರೆ. ನಾನು ಹೋಗಿಲ್ಲ.