ತಪ್ಪಿ ಹಾಕಿದ ಗೋಣು

ಬಿಸಿಯಾದ ಎಣ್ಣೆಯ ವಾಸನೆ, ಬಗ್ಗಿಸುವ ಪ್ರೆಸ್ಸಿನ ದವಡೆಯಲ್ಲಿ ಅವಳು ಬೆಸೆದ ಕಬ್ಬಿಣದ ಪಟ್ಟಿ, ನಡುವಿನ ಬೆಸುಗೆ ಮೀನಿನ ಹುರುಪೆಯಂತೆ ಪದರ ಪದರವಾಗಿ ಕೂತಿದೆ — ಚೆಂದ ಕಂಡ್ರೆ ಸಾಲ್ದು ಕಣೇ, ಬಗ್ಗಿಸಿದಾಗ ಬಾಯಿ ಬಿಡಬಾರ್ದು, ಎನ್ನುತ್ತಾರೆ ಮೇಸ್ತ್ರಿ, ಬಿಡದಿದ್ದರೆ ಇವತ್ತಿನಿಂದ ವೆಲ್ಡರ್ ಸಂಬಳ, ಬಿಟ್ಟರೆ ಮತ್ತೆ ಹೆಲ್ಪರ್, ಮತ್ತೆ ಆ ಅರೆಹೊಟ್ಟೆ ಸಂಬಳ, ಆಗ ಅಮ್ಮನಿಗೆ ಏನು ಹೇಳುವುದು, ಎಲ್ಲ ಈ ಹಾಳು ಗೋಣಿನಿಂದ, ಎರಡು ಕೈಗೂ ಕೆಲಸವಿರುವಾಗ ಹೆಲ್ಮೆಟ್ಟಿನ ಕಪ್ಪು ಗಾಜನ್ನು ಇಳಿಸಲು ಗೋಣೇ ಗತಿ, ಒಮ್ಮೆ ಗೋಣು ಹಾಕಿದರೆ ಗಾಜು ಕಣ್ಣ ಮುಂದೆ ಬೀಳಬೇಕು, ಕಿಡಿ ಏಳುವ ಮೊದಲೇ, ತಡವಾದರೆ ರಾತ್ರಿಯಿಡೀ ಕಣ್ಣಲ್ಲಿ ಮರಳು ಹೊಯ್ದ ಉರಿ, ಅದಕ್ಕೇ ಎಲ್ಲೆಂದರಲ್ಲಿ ಅಭ್ಯಾಸ, ಗೋಣು ಹಾಕು, ಎತ್ತು, ಹಾಕು, ಬಸ್ಸಿನಲ್ಲಿ ಎದುರಿಗೆ ಕೂತ ಅಜ್ಜ ನಮಸ್ಕಾರವೆಂದು ತಿಳಿದು ತಾನೂ ತಲೆ ಬಾಗಿಸಿದ್ದ, ಊಟಕ್ಕೆ ಕೂತಾಗ ಅಮ್ಮ, ಏನೇ, ಟ್ರೈನಿಂಗ್ ಮುಗೀತಾ, ಸಂಬಳ ಜಾಸ್ತಿ ಮಾಡಿದ್ರಾ, ಅವಳ ಮನಸ್ಸು ಬೆಸುಗೆ ರಾಡಿನ ತುದಿಯಲ್ಲಿತ್ತು, ಗೋಣು ಮಾತ್ರ ಲಕ್ಷಣವಾಗಿ ಬಿತ್ತು, ಅಮ್ಮನಿಗೆ ಅದೇ ಹೌದು, ಮರುದಿನವೇ ಅಮ್ಮ ಸಂಜೆ ಆಫೀಸು ಒರೆಸುವ ಕೆಲಸ ಬಿಟ್ಟು ಬಂದಳು, ಸಾಕಮ್ಮ, ಈ ಮಂಡಿ ನನ್ನ ಮಾತೇ ಕೇಳಲ್ಲ, ಇನ್ನು ನೀನಿದ್ದೀಯಲ್ಲ, ಎಂದು ಮಂಡಿಗೆ ಬಿಸಿ ಬಟ್ಟೆ ಸುತ್ತಿಕೊಂಡು ನಕ್ಕಳು, ನಿಜ ಹೇಳುವ ಬದಲು ಅವಳು ಆ ಬಟ್ಟೆಯನ್ನೇ ಮತ್ತೆ ಬಿಸಿ ಮಾಡಿ ಕೊಟ್ಟಳು — ಮೊದಮೊದಲು ರಾಡು ಕಬ್ಬಿಣಕ್ಕೆ ಕಚ್ಚಿಕೊಂಡರೆ ಬಿಡುತ್ತಲೇ ಇರಲಿಲ್ಲ, ಏನ್ ಮೇಸ್ತ್ರಿ, ರಾಡು ಅಂದ್ರೆ ಬೆಂಕಿಕಡ್ಡೀನಾ, ಹೀಗೆ ಸುಟ್ಟು ಹಾಕ್ತಿದ್ದಾಳೆ, ಮಾಲೀಕರು ಗೊಣಗುತ್ತಿದ್ದರು, ಇವತ್ತು ರಾಡು ಸುಟ್ರೆ ನಾಳೆ ಕೆಲಸ ಕೆಡಲ್ಲ ಸಾರ್, ಎನ್ನುತ್ತಿದ್ದರು ಮೇಸ್ತ್ರಿ, ಅಲ್ರೀ, ಕಲಿತು ಎದುರಿನ ಶೆಡ್ಡಿಗೆ ಓಡಿಹೋದ್ರೆ, ಹೋಗದ ಹಾಗೆ ಸಂಬಳ ಕೊಡಿ ಸಾರ್, ಮಾಲೀಕರಿಗೆ ಕೆಮ್ಮು ಬಂದಿತ್ತು, ಅವಳಿಗೆ ಹೆಲ್ಮೆಟ್ಟಿನೊಳಗೇ ನಗು, ಆಮೇಲೆ ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಅವಳ ಪಕ್ಕ ನಿಲ್ಲುತ್ತಿದ್ದರು, ಸದ್ದು ಕೇಳು, ಚಟಪಟ ಅಂತ ಒಂದೇ ಸಮ ಬಂದ್ರೆ ಸರಿ, ಉಗುಳಿದ ಹಾಗಾದ್ರೆ ಕೈ ಹತ್ತಿರ ತಾ, ಈಗ ಪ್ರೆಸ್ಸಿನಲ್ಲಿ ಪಟ್ಟಿ ಬಗ್ಗುತ್ತಿದೆ, ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು, ಬೆಸುಗೆಯ ಕಸ, ಕೂದಲೆಳೆಯಷ್ಟು ಕಿಟ್ಟ ಒಳಗೆ ಉಳಿದಿದ್ದರೂ ಅಲ್ಲೇ ಸೀಳು, ಬಗ್ಗಿದೆ, ಇನ್ನೂ ಬಗ್ಗಿದೆ, ಮಡಿಚಿದ ಮಂಡಿಯ ಹಾಗೆ, ಅಮ್ಮನ ಮಂಡಿ, ಏಳುವಾಗ ಲಟಕ್ ಎನ್ನುವ ಮಂಡಿ, ಲಟಕ್ ಅನ್ನಬೇಡ, ಅನ್ನಬೇಡ — ಪ್ರೆಸ್ಸು ನಿಂತಿತು, ಮೇಸ್ತ್ರಿ ಪಟ್ಟಿಯನ್ನು ಬೆಳಕಿಗೆ ಹಿಡಿದು ಬೆಸುಗೆಯ ಬೆನ್ನ ಮೇಲೆ ಉಗುರು ಎಳೆಯುತ್ತಾರೆ, ಉಗುರು ಎಲ್ಲೂ ತಡೆಯಲಿಲ್ಲ, ಕನ್ನಡಕ ಮೇಲೆತ್ತಿ ಅವಳನ್ನೇ ನೋಡುತ್ತಾರೆ, ಆ ನರೆತ ತಲೆ, ನಿಧಾನ, ಕೆಳಗೆ, ಮೇಲೆ, ಗೋಣು ಹಾಕಿತು, ಗೋಣು, ಕೆಳಗೆ, ಮೇಲೆ, ಗೋಣು