ಮಾವನ ಎಡೆಗೆ ಚಿಲ್ಲಿ ಚಿಕನ್

ನಮ್ಮ ಮಾವ ಭೂತಯ್ಯನವರು ತೀರಿಕೊಂಡ ಹನ್ನೊಂದನೇ ದಿನ, ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಬಾಳೆಲೆ ಹಾಕಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದೆವು. ಮುದ್ದೆ, ಕೋಳಿಸಾರು, ವಡೆ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬಾಟಲಿ. ಕಾಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಕಾಗೆ ಬಂತು, ನೋಡಿತು, ಹಾರಿಹೋಯಿತು. ನಲವತ್ತು ಜನ ನೆಂಟರು ಹೊಟ್ಟೆ ಹಿಡಿದುಕೊಂಡು ಕೂತರು.

"ಅವ್ರಿಗೆ ಬೇಕಾಗಿರೋದು ಇದಲ್ಲ," ಅಂದರು ಅತ್ತೆ ಮಾರಮ್ಮ.

ಬೇಕಾಗಿದ್ದೇನು ಅಂತ ಊರಿಗೇ ಗೊತ್ತು. ಬಾಳ್ಳುಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಗಯಾಜ್ ಅನ್ನುವವನ ತಳ್ಳುಗಾಡಿಯ ಚಿಲ್ಲಿ ಚಿಕನ್. ಮಾವ ಸಂತೆಗೆ ಹೋಗುತ್ತಿದ್ದುದೇ ಅದಕ್ಕೆ. ಅತ್ತೆ ಅದನ್ನು ಚೀನಾದ ಕಸ ಅಂತ ಬೈದವರು, ಒಂದು ದಿನವೂ ಬಾಯಿಗಿಟ್ಟವರಲ್ಲ. ಮಾವನ ಕಿಡ್ನಿ ಕೈಕೊಟ್ಟು ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದರೆ, ಅತ್ತೆ ಉಪ್ಪಿನ ಡಬ್ಬಿಯನ್ನೇ ಅಟ್ಟಕ್ಕೆ ಹಾಕಿದರು. ಎಂಟು ತಿಂಗಳು ಮಾವ ಸಪ್ಪೆ ಸಾರು ಉಂಡರು. ಗಂಡ ಆಸೆ ಇಟ್ಟುಕೊಂಡೇ ಹೋದ, ಅದಕ್ಕೆ ತಾನೇ ಕಾರಣ ಅನ್ನುವುದು ಅತ್ತೆಯ ಎದೆಯಲ್ಲಿ ಕೂತುಬಿಟ್ಟಿತ್ತು. ಮಾವ ಹೋದ ದಿನದಿಂದ ಅವರು ಕಾಫಿ ಬಿಟ್ಟು ಏನನ್ನೂ ಮುಟ್ಟಿರಲಿಲ್ಲ.

"ಸುಚಿತ್ರಾ, ಆ ಗಯಾಜ್‌ನ ಕೇಳ್ಬುಟ್ಟು ನೀನೇ ಮಾಡವ್ವ," ಅಂದರು ನನಗೆ.

ಗಯಾಜ್ ಅವತ್ತು ದೋಣಿಗಲ್‌ನಲ್ಲಿ ಮದುವೆ ಅಡುಗೆಗೆ ಹೋಗಿದ್ದ. ಫೋನಿನಲ್ಲಿ ಹೇಳಿದ: "ಸಿಂಪಲ್ಲು ಕಣಕ್ಕ. ಬೆಂಕಿ ಜೋರಿರ್ಲಿ. ಬೆಳ್ಳುಳ್ಳಿ, ಈರುಳ್ಳಿ, ಕ್ಯಾಪ್ಸಿಕಂ ಹಾಕಿ ಬಾಡ್ಸಿ, ಕರಿದ ಚಿಕನ್ ಹಾಕಿ. ಸೋಯಾ ಸಾಸು, ಚಿಲ್ಲಿ ಸಾಸು, ಟೊಮೆಟೊ ಸಾಸು. ರುಚಿ ನೋಡ್ಕಂಡು ಹಾಕಿ."

ಎಡೆಯ ಅಡುಗೆಯ ರುಚಿ ನೋಡಿದರೆ ಎಂಜಲು. ಸತ್ತವರಿಗೆ ಕುರುಡಾಗಿಯೇ ಬೇಯಿಸಬೇಕು.

ಮೊದಲ ಸಲ ಮಾಡಿದ್ದನ್ನು ಕಾಗೆ ಮೂಸಲೂ ಇಲ್ಲ. "ಸೋಯಾ ಕಮ್ಮಿ ಆಗೈತೆ, ಕಾಮಾಲೆ ಬಂದಂಗೈತೆ ನೋಡು," ಅಂದರು ಚಿಕ್ಕಮಾವ ರಂಗಸ್ವಾಮಿ. ಅವರು ಜನ್ಮದಲ್ಲಿ ಒಲೆ ಹಚ್ಚಿದವರಲ್ಲ. ಎರಡನೇ ಸಲ ಸೋಯಾ ಸುರಿದೆ, ಕೋಳಿ ಕಾಗೆಗಿಂತ ಕಪ್ಪಾಯಿತು. ಅಷ್ಟರಲ್ಲಿ ಸಾಸಿನ ಬಾಟಲಿಗಳು ಖಾಲಿ. ಮೂರನೇ ಸಲ ಹುಣಸೆರಸಕ್ಕೆ ಬೆಲ್ಲ ಕದಡಿ, ಸೂಜಿಮೆಣಸು ಅರೆದು, ತೋಟದ ಕಾಳುಮೆಣಸು ಕುಟ್ಟಿ ನನ್ನದೇ ಸಾಸು ಮಾಡಿದೆ. ನೆಂಟರೆಲ್ಲ ಸೀನಿದರು. ಕಾಗೆ ತೋಟದ ಸಿಲ್ವರ್ ಓಕ್ ಮರದ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು.

"ಏನ್ ಬೇಕು ಅಂತ ಆ ಕಾಗೆಗೇ ಫೋನ್ ಮಾಡಿ ಕೇಳ್ರಪ್ಪ," ಅಂದರು ಚಿಕ್ಕಮಾವ. ಗಂಟೆ ಮೂರಾಗಿತ್ತು.

ಕಾಗೆ ಯಾಕೆ ತಿನ್ನುತ್ತಿಲ್ಲ ಅಂತ ನನಗೆ ಗೊತ್ತಿತ್ತು. ನಾನು ಬಾಳ್ಳುಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಪ್ರತಿ ಗುರುವಾರ ಗಯಾಜ್‌ನ ಪಾರ್ಸಲನ್ನು ಮಾತ್ರೆ ಕವರಿನಲ್ಲಿ ಹಾಕಿಕೊಂಡು ಬರುತ್ತಿದ್ದೆ. ಮಾವ ಸ್ಟೋರಿನಲ್ಲಿ ಕಾಫಿ ಮೂಟೆಗಳ ಹಿಂದೆ ಕೂತು ತಿಂದು, ಬಾಯಿ ಮುಕ್ಕಳಿಸಿ, ಎಲೆ ಅಡಿಕೆ ಹಾಕಿಕೊಂಡು, ಪರಮ ಸಾಧುವಿನ ಹಾಗೆ ಸಪ್ಪೆ ಸಾರಿಗೆ ಬಂದು ಕೂರುತ್ತಿದ್ದರು. ಅದೇ ಅವರನ್ನು ಕೊಂದಿತೇನೋ ಅಂತ ಹನ್ನೊಂದು ದಿನದಿಂದ ನನಗೂ ನಿದ್ದೆ ಇರಲಿಲ್ಲ. ಹೇಳುವ ಧೈರ್ಯವೂ ಇರಲಿಲ್ಲ.

ಅತ್ತೆ ಎಲೆಯ ಮುಂದೆ ಕೈಮುಗಿದು ನಿಂತರು. "ತಪ್ಪಾಯ್ತು ಕಣಯ್ಯ. ಒಂದ್ ಚಿಟಿಕೆ ಉಪ್ಪಾದ್ರೂ ಹಾಕ್ಬೇಕಿತ್ತು. ಬಾ, ಒಂದ್ ತುತ್ತು ತಿನ್ನು."

ನನಗೆ ತಡೆಯಲಾಗಲಿಲ್ಲ. ಅಲ್ಲೇ, ನಲವತ್ತು ಜನರ ಮುಂದೆ, ಅಳುತ್ತಾ ಎಲ್ಲ ಹೇಳಿಬಿಟ್ಟೆ.

ಅತ್ತೆ ಮುಗಿದ ಕೈ ಇಳಿಸಿ ನನ್ನ ಕಡೆ ತಿರುಗಿದರು. ಆಮೇಲೆ ಕೇಳಿದರು: "ಪ್ರತಿ ವಾರವೂನಾ?"

"ಹೂಂ ಅತ್ತೆ."

"ಖಾರ ಹಾಕಿಸ್ತಿದ್ಯಾ?"

"ಜಾಸ್ತಿನೇ."

ಕೈ ಎತ್ತಿದರು. ಕೆನ್ನೆಗೆ ಬಿತ್ತು ಅಂದುಕೊಂಡೆ, ತಲೆ ಸವರಿದರು. "ಡಾಕ್ಟ್ರು ಮೂರೇ ತಿಂಗ್ಳು ಅಂದಿದ್ರು. ಎಂಟು ತಿಂಗ್ಳು ಹೆಂಗ್ ಬದುಕಿದ್ರು ಅಂತ ಈಗ ಗೊತ್ತಾಯ್ತು ಬುಡು." ಸೆರಗಿನಲ್ಲಿ ಮುಖ ಒರೆಸಿಕೊಂಡು ಎಲೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತರು. ತುತ್ತಿಗೆ ಕೈ ಹಾಕಿದರು.

"ಅತ್ತಿಗೆ! ಕಾಗೆ ಇನ್ನೂ ಮುಟ್ಟಿಲ್ಲ!" ಚಿಕ್ಕಮಾವ ಕೂಗಿಕೊಂಡರು.

"ಅದ್ರ ಹೊಟ್ಟೆ ತುಂಬೈತೆ ಕಣೋ. ನಂಗೆ ಹಸಿವು."

ಹುಣಸೆ ಬೆಲ್ಲದ ನನ್ನ ಚಿಲ್ಲಿ ಚಿಕನ್ನನ್ನು ಅಗಿದರು, ನುಂಗಿದರು. ಕಣ್ಣು ಮೂಗಲ್ಲೆಲ್ಲ ನೀರು. ಇನ್ನೊಂದು ತುಂಡು ಎತ್ತಿಕೊಂಡು ಮರದ ಕಡೆ ನೋಡಿದರು.

"ಕಳ್ ನನ್ಮಗ್ನೇ, ಇಷ್ಟು ವರ್ಷ ಇದನ್ನ ಒಬ್ನೇ ತಿಂದ್ಯಲ್ಲೋ!"