ಅದೇ ಆರು ಅಂಕಿ

ಅಚ್ಚುಕೂಟದಲ್ಲಿ ಕರಡು ತಿದ್ದುವವನನ್ನು ಎಲ್ಲರೂ ಹದ್ದಿನಕಣ್ಣು ಎಂದೇ ಕರೆಯುತ್ತಿದ್ದರು. ಅದು ಹೊಗಳಿಕೆ ಎಂದು ಅವನೊಬ್ಬನೇ ತಿಳಿದಿದ್ದ. ಅಚ್ಚಿನ ಮೊಳೆ ಜೋಡಿಸುವವನು ಅವನ ಹೆಂಡತಿಯ ತಮ್ಮ. ಅಂಕಿಗಳನ್ನು ಹಿಂದುಮುಂದು ಮಾಡುವುದರಲ್ಲಿ ಆ ಪುಣ್ಯಾತ್ಮನ ಕೈ ಚೆನ್ನಾಗಿ ಪಳಗಿತ್ತು. ಒಮ್ಮೆ ಕ್ಯಾಲೆಂಡರಿನಲ್ಲಿ ಹನ್ನೆರಡರ ಜಾಗಕ್ಕೆ ಇಪ್ಪತ್ತೊಂದು ಬಿದ್ದು, ಆ ತಿಂಗಳಿಗೆ ಎರಡೆರಡು ಇಪ್ಪತ್ತೊಂದನೇ ತಾರೀಖು ಬಂದಿತ್ತು. ಇನ್ನೊಂದು ತಪ್ಪಾದರೆ ಮನೆಗೆ ಹೋಗಬೇಕಾಗುತ್ತದೆ ಎಂದು ಯಜಮಾನರು ಅವನಿಗೆ ಅಂದೇ ಹೇಳಿದ್ದರು.

ಸೋಮವಾರ ಲೆಕ್ಕದ ಪುಸ್ತಕದ ಕರಡು ಬಂತು. ಕೊನೆಯ ಪುಟದಲ್ಲಿ 142857 ಎಂಬ ಸಂಖ್ಯೆಯನ್ನು ಎರಡರಿಂದ ಆರರವರೆಗೆ ಗುಣಿಸಿದ ಉತ್ತರಗಳಿದ್ದವು: 285714, 428571, 571428, 714285, 857142. ಹದ್ದಿನಕಣ್ಣು ಕನ್ನಡಕ ಒರೆಸಿಕೊಂಡ. ಐದೂ ಉತ್ತರದಲ್ಲಿ ಅದೇ ಆರು ಅಂಕಿ, ಅದೇ ಸಾಲು, ಶುರುವಾಗುವ ಜಾಗ ಮಾತ್ರ ಬೇರೆ. ಇಂಥದ್ದು ಎಲ್ಲಾದರೂ ಉಂಟೇ? ಮೂಲಪ್ರತಿ ಮೊಣಕೈ ಪಕ್ಕದಲ್ಲೇ ಇತ್ತು. ತೆಗೆದು ನೋಡುವಷ್ಟು ಅನುಮಾನವೂ ಮಹಾರಾಯನಿಗೆ ಬರಲಿಲ್ಲ. ಐದಕ್ಕೂ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ನೇರವಾಗಿ ಯಜಮಾನರ ಮೇಜಿನ ಮೇಲಿಟ್ಟ.

ಯಜಮಾನರು ಹದ್ದಿನಕಣ್ಣಿನ ಭಾವಮೈದುನನನ್ನು ಕರೆಸಿದರು. "ಏನಯ್ಯಾ ಇದು?"

ಅವನು ಪುಟ ನೋಡಲಿಲ್ಲ, ಭಾವನ ಮುಖ ನೋಡಿದ. "ಕೈ ತಪ್ಪಿರ್ಬೇಕು ಸಾರ್."

"ನಾಳೆಯಿಂದ ಬರ್ಬೇಡ."

ಸಂಜೆ ಮನೆಯಲ್ಲಿ ಹೆಂಡತಿ ತಟ್ಟೆಯನ್ನು ಕುಕ್ಕಿದಳು. "ನನ್ ತಮ್ಮನ ಹೊಟ್ಟೆ ಮೇಲೆ ಹೊಡೆದ್ರಲ್ಲ, ಈಗ ತಣ್ಣಗಾಯ್ತಾ ನಿಮ್ಗೆ?"

"ತಪ್ಪು ತಪ್ಪೇ ಕಣೇ."

"ಹಾಗಾದ್ರೆ ಸರಿ ಉತ್ತರ ಎಷ್ಟು?"

ಅದು ಅವನಿಗೂ ಗೊತ್ತಿರಲಿಲ್ಲ. ಇವಳ ಬಾಯಿ ಮುಚ್ಚಿಸಲೆಂದು ಹಳೇ ಲಕೋಟೆಯ ಹಿಂಬದಿಯಲ್ಲಿ ಗುಣಿಸತೊಡಗಿದ. ಎರಡರಿಂದ ಗುಣಿಸಿದರೆ 285714. ಮೂರರಿಂದ 428571. ಇದೆಂಥ ಗ್ರಹಚಾರ ಎಂದು ಆರರವರೆಗೂ ಹೋದ. ಅವೇ ಆರು ಅಂಕಿಗಳು ಸಾಲು ಬಿಡದೆ ಸುತ್ತು ಹೊಡೆಯುತ್ತಿದ್ದವು. ಏಳಕ್ಕಾದರೂ ಈ ಹುಚ್ಚು ಬಿಟ್ಟೀತು ಎಂದುಕೊಂಡ. 999999 ಬಂತು. ಊಟ ಆರಿಹೋಗಿತ್ತು.

ಮರುದಿನ ಬೆಳಿಗ್ಗೆ ಯಜಮಾನರ ಮುಂದೆ ನಿಂತು, "ತಪ್ಪು ನಂದು ಸಾರ್. ಉತ್ತರ ಎಲ್ಲಾ ಸರಿ ಇವೆ," ಎಂದ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಯಜಮಾನರು ಮೂಲಪ್ರತಿ ತೆಗೆದು ಪುಟದೊಂದಿಗೆ ಹೋಲಿಸಿ, "ಹೋಗ್ಬೇಡ ಅಂತ ಅವ್ನಿಗೆ ಹೇಳಿ," ಎಂದರು.

ಭಾವಮೈದುನ ತನ್ನ ಚಿಮಟ, ಕೈವಸ್ತ್ರ ಒಯ್ಯಲು ಬಂದಿದ್ದ. ಅವನನ್ನು ಕಂಡದ್ದೇ ಹದ್ದಿನಕಣ್ಣಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಲೋ, ಸರಿಯಾಗೇ ಜೋಡಿಸಿದ್ಯಲ್ಲೋ! ಯಜಮಾನ್ರು ಕೇಳ್ದಾಗ ಒಂದ್ ಮಾತು ಹೇಳೋಕೇನಾಗಿತ್ತು ನಿಂಗೆ?"

"ಒಂದೊಂದು ಅಂಕೀನೂ ಮೂರ್ ಮೂರ್ ಸಲ ನೋಡಿದ್ದೆ ಭಾವ, ಸರಿ ಇತ್ತು," ಎಂದ ಅವನು. "ನೀವು ತಪ್ಪು ಅಂದ್ರಲ್ಲ. ಹಾಗಾದ್ರೆ ತಪ್ಪೇ ಇರ್ಬೇಕು ಅಂದ್ಕೊಂಡೆ."